ನಲ್ಲಿ ಬಂದ್ ಇದ್ದರೂ ಪಂಪ್ ಯಾಕೆ ಓಡುತ್ತದೆ?

ಪ್ರಶ್ನೆ: ಮಗ, ಸೊಸೆ ಕೊಚ್ಚಿಯಲ್ಲಿ ಹಾಯಿದೋಣಿಯಲ್ಲೇ ಸಂಸಾರ ಹೂಡಿದ್ದಾರೆ. ಹದಿನೈದು ದಿನ ಇದ್ದು ಬಂದೆ. ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿದ್ದರೂ ಅರ್ಧ ಗಂಟೆಗೊಮ್ಮೆ ಸಿಹಿನೀರಿನ ಪಂಪ್ ಎರಡು ಸೆಕೆಂಡು ಟರ್ರ್ ಅಂದು ನಿಲ್ಲುತ್ತದೆ. ಬೆಳಗಾಗುವಷ್ಟರಲ್ಲಿ ಬ್ಯಾಟರಿಯೂ ಇಳಿದಿರುತ್ತದೆ. ಪಂಪ್‌ನದೇ ತಪ್ಪು, ಹೊಸದು ಹಾಕಿಸ್ತೀನಿ ಅಂತಾನೆ ಮಗ. ದೋಣಿ ಮುಳುಗುವ ಭಯ ಇಲ್ಲ ಅಲ್ವಾ? (ಪಿ.ಜೆ. ಬಡಾವಣೆ, ದಾವಣಗೆರೆ)

ಇಲ್ಲ ಅಕ್ಕಾರೇ, ಈ ಪಂಪ್‌ನಿಂದ ದೋಣಿ ಮುಳುಗಲ್ಲ. ಅದು ಟ್ಯಾಂಕಿನ ನೀರನ್ನಷ್ಟೇ ನಲ್ಲಿಗೆ ತಳ್ಳುತ್ತದೆ. ನಮ್ಮ ಊರಿನ ಮನೆಗಳ ಪ್ರೆಷರ್ ಪಂಪ್ ಇದ್ದ ಹಾಗೇ: ಪೈಪಿನಲ್ಲಿ ಒತ್ತಡ ಇಳಿದರೆ ಓಡುತ್ತದೆ, ಏರಿದರೆ ನಿಲ್ಲುತ್ತದೆ. ನಲ್ಲಿ ತೆರೆಯದೆಯೇ ಓಡಿತು ಅಂದರೆ ಒತ್ತಡ ಎಲ್ಲೋ ಸೋರುತ್ತಿದೆ. ಒಂದೋ ಯಾವುದೋ ಜಾಯಿಂಟ್‌ನಲ್ಲಿ ನೀರು ಹೊರಗೆ ಬರ್ತಿದೆ, ಇಲ್ಲವೇ ಪಂಪ್‌ನೊಳಗಿನ ವಾಲ್ವ್ ಸರಿಯಾಗಿ ಕೂರದೆ ನೀರು ವಾಪಸ್ ಟ್ಯಾಂಕಿಗೆ ಹೋಗ್ತಿದೆ.

ಪಂಪ್ ಆದ ಮೇಲೆ ಪೈಪಿನಲ್ಲಿ ಒಂದು ವಾಲ್ವ್ ಇದ್ದರೆ ರಾತ್ರಿ ಅದನ್ನು ಮುಚ್ಚಿ ಮಲಗಲಿ. ಆಗಲೂ ಟರ್ರ್ ಅಂದರೆ ದೋಷ ಪಂಪ್‌ನೊಳಗೇ ಇದೆ, ಮಗ ಗೆದ್ದ. ಸದ್ದಿಲ್ಲ ಅಂದರೆ ಸೋರಿಕೆ ಮುಂದಿನ ಪೈಪಿನಲ್ಲಿದೆ, ಪ್ರತಿ ಜಾಯಿಂಟ್ ಕೆಳಗೆ ಒಣಗಿದ ಕಾಗದ ಇಟ್ಟು ಬೆಳಿಗ್ಗೆ ಯಾವುದು ಒದ್ದೆಯಾಗಿದೆ ನೋಡಲಿ. ಬಿಸಿನೀರಿನ ಟ್ಯಾಂಕಿನ ಸೇಫ್ಟಿ ವಾಲ್ವ್ ಮೇಲೆ ನನಗೆ ಜಾಸ್ತಿ ಅನುಮಾನ, ಅದು ಸುಮ್ನೆ ತೊಟ್ಟಿಕ್ಕುತ್ತಾ ಇರುತ್ತದೆ, ಯಾರೂ ಬಗ್ಗಿ ನೋಡಿರುವುದಿಲ್ಲ.

ದೋಣಿಯ ತಳದಲ್ಲಿ ನೀರು ನಿಂತಿದ್ದರೆ ಬೆರಳ ತುದಿ ಅದ್ದಿ ನಾಲಿಗೆಗೆ ತಾಗಿಸಿ ಉಗಿಯಲಿ. ಸಪ್ಪೆ ಇದ್ದರೆ ಹೆಚ್ಚಾಗಿ ಟ್ಯಾಂಕಿನದು, ಇಲ್ಲವೇ ಮಳೆಯದು. ಉಪ್ಪಾಗಿದ್ದರೆ ಮಾತ್ರ ಹೊರಗಿನ ನೀರು ಎಲ್ಲಿಂದ ಒಳಗೆ ಬರ್ತಿದೆ ಅಂತ ಅವತ್ತೇ ಹುಡುಕಬೇಕು.

ಬ್ಯಾಟರಿ ಖಾಲಿ ಆಗೋದಕ್ಕೂ ಈ ಪಂಪ್‌ಗೂ ಸಂಬಂಧ ಇಲ್ಲ. ಎಂಟು ಗಂಟೆಯ ರಾತ್ರಿಯಲ್ಲಿ ಹದಿನಾರು ಸಲ, ಸಲಕ್ಕೆ ಎರಡು ಸೆಕೆಂಡು, ಒಟ್ಟು 32 ಸೆಕೆಂಡು. ಅಷ್ಟಕ್ಕೆ ಯಾವ ಬ್ಯಾಟರಿ ಬಳಲುತ್ತದೆ? ರಾತ್ರಿಯಿಡೀ ತಿನ್ನುವುದು ಫ್ರಿಜ್ಜು. ಚಾರ್ಜರ್ ತೆಗೆದು, ಎಲ್ಲ ಆಫ್ ಮಾಡಿ, ಕೆಲವು ಗಂಟೆ ಬಿಟ್ಟು ಮೀಟರ್ ಹಿಡಿಯಲಿ. ಸೀಸ-ಆಸಿಡ್ ಬ್ಯಾಟರಿ ಆಗಿದ್ದರೆ 12.7 ವೋಲ್ಟ್ ಸುಮಾರು ಅಂದರೆ ತುಂಬಿದೆ, 12.2 ಅಂದರೆ ಅರ್ಧ. ಚಾರ್ಜ್ ತುಂಬಿದ ಮೇಲೂ ಬೇಗ ಇಳಿದರೆ ಬ್ಯಾಟರಿಗೆ ವಯಸ್ಸಾಗಿದೆ. ಇನ್ನೊಂದು, ಫ್ರಿಜ್ ಓಡುತ್ತಿರುವಾಗಲೇ ಬ್ಯಾಟರಿ ಹತ್ತಿರ ಒಮ್ಮೆ, ಫ್ರಿಜ್ ಹತ್ತಿರ ಒಮ್ಮೆ ಅಳೆಯಲಿ. ಅಲ್ಲಿ 12.5, ಇಲ್ಲಿ 11.5 ಬಂದರೆ ಒಂದು ವೋಲ್ಟನ್ನು ದಾರಿಯಲ್ಲೇ ಯಾವುದೋ ಜಾಯಿಂಟ್ ನುಂಗಿದೆ. ಮಳೆಗಾಲದಲ್ಲಿ ತೆರೆದಿಟ್ಟ ಮಂಡಕ್ಕಿ ಮೆತ್ತಗಾದ ಹಾಗೆ ಸಮುದ್ರದ ಗಾಳಿಗೆ ತಾಮ್ರದ ವೈರಿಗೆ ಕಿಲುಬು ಹತ್ತುತ್ತದೆ. ಹಡಗಿನ ಎಂಜಿನ್ ರೂಮಿನಲ್ಲಿ ನಾನು ಹೊಸ ಸಾಮಾನು ಹಾಕಿಸಿದ್ದಕ್ಕಿಂತ ಹಳೆ ವೈರಿನ ತುದಿ ಉಜ್ಜಿದ್ದೇ ಜಾಸ್ತಿ.

ಪ್ರಶ್ನೆ: ಮಾರಿಕಣಿವೆಯಲ್ಲಿ ಮೀನು ಹಿಡಿಯುವ ನಮ್ಮ ಭಾವ ತೆಪ್ಪ ಬಿಟ್ಟು ಮೋಟಾರ್ ದೋಣಿ ತಗೊಂಡಿದ್ದಾರೆ. ದಡದಿಂದ ಚೆನ್ನಾಗಿ ಹೊರಡುತ್ತದೆ, ಹತ್ತು ನಿಮಿಷಕ್ಕೆ ಎಂಜಿನ್ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹತ್ತುತ್ತದೆ. (ಹಿರಿಯೂರು)

2022ರಲ್ಲಿ ಆ ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿದ್ದಿತಲ್ಲ, ಅಲ್ಲಿಂದೀಚೆಗೆ ಹಿರಿಯೂರಿನಿಂದಲೂ ನನಗೆ ದೋಣಿ ಪ್ರಶ್ನೆ ಬರುತ್ತಿವೆ, ಖುಷಿ. ಪೆಟ್ರೋಲ್ ಡಬ್ಬಿಯ ಮುಚ್ಚಳದ ಮೇಲೆ ಗಾಳಿ ಹೋಗಲು ಒಂದು ಸಣ್ಣ ಸ್ಕ್ರೂ ಇರುತ್ತದೆ. ಭಾವ ಅದನ್ನು ಸಡಿಲಿಸದೆ ಹೊರಡ್ತಿದ್ದಾರೆ ಅಂತ ನನ್ನ ಗುಮಾನಿ. ಎಂಜಿನ್ ನಿಂತಾಗ ಪೈಪಿನ ನಡುವಿನ ರಬ್ಬರ್ ಬಲ್ಬ್ ಚಪ್ಪಟೆ ಆಗಿದೆಯಾ ನೋಡಲಿ, ಮುಚ್ಚಳ ತಿರುಗಿಸಿದರೆ ಸುಯ್ ಅಂತ ಗಾಳಿ ಒಳಗೆ ಹೋದರೆ ಅದೇ ಕಾರಣ. ಖರ್ಚು ಸೊನ್ನೆ. ಅದಲ್ಲ ಅಂದರೆ ಹಳೆ ಪೆಟ್ರೋಲ್ ಚೆಲ್ಲದೆ ಬೇರೆ ಡಬ್ಬಿಗೆ ತೆಗೆದು, ಕಾರ್ಬುರೇಟರ್ ಶುಚಿ ಮಾಡಿಸಿ.

ಪ್ರಶ್ನೆ: ತಮ್ಮ ಗೋವಾದಲ್ಲಿ ದೋಣಿಯಲ್ಲೇ ಇರ್ತಾನೆ. ಡೀಸೆಲ್ ಪೂರ್ತಿ ಖಾಲಿಯಾಗಿತ್ತು, ತುಂಬಿಸಿದ ಮೇಲೂ ಎಂಜಿನ್ ಹತ್ತುತ್ತಿಲ್ಲ. (ಹರಿಹರ)

ಏರ್ ಹಿಡಿದಿದೆ. ಡೀಸೆಲ್ ಪಂಪ್‌ಸೆಟ್ ಇಟ್ಟ ನಿಮ್ಮೂರಿನ ಯಾವ ರೈತನೂ ಫೋನಿನಲ್ಲೇ ಹೇಳಿಕೊಡ್ತಾನೆ: ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸು, ಕೈಪಂಪ್ ಒತ್ತು, ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡು. ಆದರೆ ಗದ್ದೆಯಲ್ಲಿಲ್ಲದ ಒಂದು ಅಪಾಯ ದೋಣಿಯಲ್ಲಿದೆ. ಎಂಜಿನ್ ಹತ್ತದೆ ಸುಮ್ನೆ ಸೆಲ್ಫ್ ಹೊಡೀತಾ ಇದ್ದರೆ ತಂಪು ಮಾಡಲು ಬರುವ ಸಮುದ್ರದ ನೀರು ಸೈಲೆನ್ಸರ್ ತುಂಬಿ ಎಂಜಿನ್ ಒಳಗೇ ನುಗ್ಗಬಹುದು. ಹಾಗಾಗಿ ಸೆಲ್ಫ್ ಹೊಡೆಯುವಾಗ ಆ ನೀರಿನ ವಾಲ್ವ್ ಮುಚ್ಚಿರಲಿ, ಹತ್ತಿದ ತಕ್ಷಣ ತೆರೆಯಲಿ. ತೆರೆಯಲು ಮರೆತರೆ ನೀರಿನ ಪಂಪ್‌ನ ರಬ್ಬರ್ ಚಕ್ರ ಸುಟ್ಟುಹೋಗುತ್ತದೆ. ನಾನೂ ಒಮ್ಮೆ ಮರೆತು, ವಾಸನೆ ಬಂದ ಮೇಲೆ ಓಡಿದ್ದೆ. ಆಮೇಲಿಂದ ವಾಲ್ವ್ ಮುಚ್ಚಿದಾಗೆಲ್ಲ ನನ್ನ ಚಪ್ಪಲಿ ಒಂದನ್ನು ಎಂಜಿನ್ ಸ್ವಿಚ್ ಪಕ್ಕ ಇಡುತ್ತಿದ್ದೆ.