ಕೌದಿ ಇಟ್ಟುಕೊಳ್ಳುವುದಾ, ಕೊಡುವುದಾ? ಮೊದಲು ಆ ಪ್ಲಾಸ್ಟಿಕ್ ಕವರ್ ಬಿಚ್ಚಿ

ಅಕ್ಕಾ, ಮೊದಲು ಆ ಪ್ಲಾಸ್ಟಿಕ್ ಕವರ್‌ಗಳಿಂದ ಕೌದಿಗಳನ್ನು ಹೊರಗೆ ತೆಗೆಯಿರಿ. ಯಾರಿಗೆ ಯಾವುದು ಅನ್ನುವುದು ಆಮೇಲೆ.

ಕಪಾಟು ತುಂಬಿಹೋಗಿದೆ, ಚೆನ್ನಾಗಿ ಬಂದವನ್ನು ಕವರ್ ಹಾಕಿ ಟ್ರಂಕಿನಲ್ಲಿ ಮಕ್ಕಳಿಗೆ ಅಂತ ಎತ್ತಿಡುತ್ತೇನೆ, ಸುಮಾರಾಗಿ ಬಂದವನ್ನು ನೆಂಟರಿಗೆ ಹಂಚಿಬಿಡುತ್ತೇನೆ ಅಂತ ನಮ್ಮ ಗುಂಪಿನಲ್ಲಿ ಫೋಟೋ ಹಾಕಿ ಬರೆದಿದ್ದೀರಿ. ನಾನೂ ಇದೇ ಲೆಕ್ಕ ಹಾಕಿದ್ದೆ. ವರ್ಷಗಳ ನಂತರ ಟ್ರಂಕ್ ತೆಗೆದರೆ ಮಡಿಕೆ ಬಿದ್ದ ಕಡೆಯೆಲ್ಲ ಬಟ್ಟೆ ಸವೆದಿತ್ತು, ಹಳದಿ ಕಲೆ ಬಿದ್ದಿತ್ತು. ಒಂದು ಕೌದಿಯ ಕಂದು ತುಂಡುಗಳಂತೂ ಮುಟ್ಟಿದರೆ ಪುಡಿಯಾಗುತ್ತಿದ್ದವು. ಮೂರು ತಪ್ಪು ಒಟ್ಟಿಗೆ ಆಗಿತ್ತು: ಪ್ಲಾಸ್ಟಿಕ್, ಒಂದೇ ಮಡಿಕೆ, ಮತ್ತೆ ಆ ಹಳೆಯ ಬಟ್ಟೆ.

ಕೈಗೆ ಒಣಗಿದೆ ಅನ್ನಿಸಿದರೂ ಬ್ಯಾಟಿಂಗ್ (ಎರಡು ಪದರದ ನಡುವೆ ತುಂಬುವ ಹತ್ತಿ ಅಥವಾ ಉಣ್ಣೆ) ಒಳಗೆ ಸ್ವಲ್ಪ ತೇವ ಇದ್ದೇ ಇರುತ್ತದೆ. ಪ್ಲಾಸ್ಟಿಕ್ ಅದನ್ನು ಹೊರಗೆ ಬಿಡುವುದಿಲ್ಲ. ಸೆಕೆ, ತಂಪು ಬದಲಾದಂತೆ ಆ ತೇವ ಬಟ್ಟೆಗೇ ಇಳಿದು ಬೂಷ್ಟು ಹಿಡಿಯುತ್ತದೆ. ಬರಿ ಮರದ ಪೆಟ್ಟಿಗೆ, ರಟ್ಟಿನ ಡಬ್ಬ ಕೂಡ ಬೇಡ. ಎರಡೂ ನಿಧಾನಕ್ಕೆ ಆಮ್ಲ ಬಿಡುತ್ತವೆ, ತಗುಲಿದ ಕಡೆ ಹತ್ತಿ ಬಟ್ಟೆ ಹಳದಿಯಾಗುತ್ತದೆ. ಚೆನ್ನಾಗಿ ಒಗೆದ ಬಿಳಿ ಹತ್ತಿ ಬೆಡ್‌ಶೀಟ್ ಅಥವಾ ದಿಂಬಿನ ಕವರ್ ಸಾಕು, ಅದರಲ್ಲಿ ಸುತ್ತಿ. ಮಡಿಕೆಯ ಒಳಗೆ ಹಳೆಯ ಮೆತ್ತನೆ ಬಟ್ಟೆಯನ್ನು ಸುರುಳಿ ಸುತ್ತಿ ಇಡಿ, ಆಗ ಗೆರೆ ಗಟ್ಟಿಯಾಗಿ ಕೂರುವುದಿಲ್ಲ. ಕೆಲವು ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಕಡೆ ಮಡಿಸಿ. ಉಣ್ಣೆಯ ಬ್ಯಾಟಿಂಗ್ ಇದ್ದರೆ ಮಡಿಕೆಯ ಕಾಟ ಕಡಿಮೆ, ಹತ್ತಿಯದಕ್ಕೆ ಜಾಸ್ತಿ. ಎಲ್ಲಕ್ಕಿಂತ ಒಳ್ಳೆಯದು, ಯಾರೂ ಮಲಗದ ಮಂಚ ಇದ್ದರೆ ಒಂದರ ಮೇಲೊಂದು ಹಾಸಿ ಮೇಲೊಂದು ಬೆಡ್‌ಶೀಟ್ ಹೊದಿಸುವುದು. ಕಿಟಕಿಯ ಬಿಸಿಲು ಬೀಳದಿದ್ದರೆ ಆಯಿತು. ಬೆಳಕಿಗೆ ಹೋದ ಬಣ್ಣ ಮತ್ತೆ ಬರುವುದಿಲ್ಲ.

ಕಂದು ತುಂಡುಗಳ ವಿಷಯ ಬೇರೆ. ಹಿಂದೆ ಕಡುಕಂದು, ಕಪ್ಪು ಬಣ್ಣ ಹಿಡಿಸಲು ಕಬ್ಬಿಣದ ಉಪ್ಪು ಹಾಕುತ್ತಿದ್ದರು. ಅದೇ ಕಬ್ಬಿಣ ನೂಲನ್ನು ಒಳಗಿನಿಂದ ತಿನ್ನುತ್ತದೆ. ಹಳೆಯ ರೇಷ್ಮೆಯಲ್ಲೂ ಇಂಥದ್ದೇ ತೊಂದರೆ. ತೂಕ ಬರಲಿ ಅಂತ ತವರದ ಉಪ್ಪು ಹಾಕಿದ ರೇಷ್ಮೆ ತಾನಾಗಿಯೇ ಉದ್ದುದ್ದ ಸೀಳುತ್ತದೆ. ಇವನ್ನು ಎಷ್ಟು ಜೋಪಾನ ಮಾಡಿದರೂ ಪೂರ್ತಿ ತಡೆಯಲು ಆಗುವುದಿಲ್ಲ. ಇಂಥ ಕೌದಿಯನ್ನು 'ಮುಂದಕ್ಕೆ' ಅಂತ ಎತ್ತಿಡುವುದರಲ್ಲಿ ಅರ್ಥವೇ ಇಲ್ಲ. ಈಗಲೇ ಫೋಟೋ ತೆಗೆಯಿರಿ, ಈಗಲೇ ಮಕ್ಕಳಿಗೆ ತೋರಿಸಿ. ನಿಮ್ಮ ಫೋಟೋದಲ್ಲಿ ಕೆಳಗಿನಿಂದ ಎರಡನೆಯದರಲ್ಲಿ ಹಳೆಯ ಕಡುಕಂದು ಬಟ್ಟೆ ಇರುವ ಹಾಗಿದೆ. ಅದನ್ನು ಮೆಷಿನ್‌ಗೆ ಹಾಕಲೇಬೇಡಿ.

ಇನ್ನು ಆರಿಸುವ ವಿಷಯ. 'ಯಾವುದು ಚೆನ್ನಾಗಿ ಬಂದಿದೆ' ಅಂತ ನೋಡಿ ಪಾಲು ಮಾಡಬೇಡಿ ಅಕ್ಕಾ. ನಮ್ಮ ಕಣ್ಣು ಹೋಗುವುದು ಮೂಲೆ ಕೂಡಿದೆಯಾ, ಹೊಲಿಗೆ ಒಂದೇ ಸಮ ಇದೆಯಾ ಅಂತ. ಹೊದೆಯುವವರಿಗೆ ಅದು ಕಾಣುವುದೇ ಇಲ್ಲ. ಅವರಿಗೆ ಬಣ್ಣ, ಮೆತ್ತಗಿರುವುದು, ಕಾಲು ಮುಚ್ಚುವಷ್ಟು ಉದ್ದ, ಇಷ್ಟು ಸಾಕು. ಸುಮಾರಾಗಿ ಬಂದದ್ದನ್ನು ಕೊಟ್ಟು ಒಳ್ಳೆಯದನ್ನು ಕತ್ತಲಲ್ಲಿಟ್ಟರೆ ನಿಮ್ಮ ಕೈಕೆಲಸ ಯಾರಿಗೂ ಗೊತ್ತಾಗುವುದಿಲ್ಲ.

ನಾನು ಮಾಡುವುದು ಹೀಗೆ. ಒಂದು ಸಲಕ್ಕೆ ಒಂದೇ ಕೌದಿ ಪೂರ್ತಿ ಹಾಸಿ. ಮಡಿಸಿಟ್ಟದ್ದನ್ನು ನೋಡಿ ನಿರ್ಧಾರ ಮಾಡಬೇಡಿ. ಅದು ಒಂದು ರಾತ್ರಿ ಅಲ್ಲೇ ಇರಲಿ. ಬರುತ್ತಾ ಹೋಗುತ್ತಾ ನೋಡುವಾಗ ಯಾರದಾದರೂ ಹೆಸರು ತಾನಾಗಿ ಮನಸ್ಸಿಗೆ ಬಂದರೆ ಅದು ಅವರದು. 'ಈ ಬ್ಲಾಕ್ (ತುಂಡುಗಳನ್ನು ಕೂಡಿಸಿದ ಚೌಕ) ಹೇಗೆ ಕೂಡಿಸಿದ್ದೆ' ಅಂತ ಹೊಲಿಗೆಯ ನೆನಪು ಬಂದರೆ ಅದು ನಿಮ್ಮ ಕಲಿಕೆಯ ಕೌದಿ, ಇಟ್ಟುಕೊಳ್ಳಿ. ಏನೂ ಬರದಿದ್ದರೆ ಹೊದಿಕೆ ಬೇಕಾದವರಿಗೆ ಹೋಗಲಿ. ಅದಕ್ಕೆ ಬೇಜಾರು ಬೇಡ. ಎಲ್ಲವನ್ನೂ ಒಂದೇ ದಿನ ಹಾಸಿ ಕೂತರೆ ಸಂಜೆ ಹೊತ್ತಿಗೆ ಸುಸ್ತಾಗಿ ಯಾವುದೂ ಬೇಡ ಅನ್ನಿಸುತ್ತದೆ, ಇಲ್ಲಾ ಎಲ್ಲವೂ ಬೇಕು ಅನ್ನಿಸುತ್ತದೆ. ಎರಡೂ ಸುಳ್ಳು.

ಇದು ನೀವೇ ಹೊಲಿದವಕ್ಕೆ ಮಾತ್ರ. ಅಮ್ಮನೋ ಅಜ್ಜಿಯೋ ಹೊಲಿದದ್ದಾದರೆ ಒಬ್ಬರೇ ತೀರ್ಮಾನ ಮಾಡಬೇಡಿ, ಅಕ್ಕತಂಗಿ, ಅಣ್ಣತಮ್ಮಂದಿರನ್ನು ಕೇಳಿ. ತೀರಿಕೊಂಡವರ ಬಟ್ಟೆಯಿಂದ ಹೊಲಿದದ್ದನ್ನು ಈ ಲೆಕ್ಕಕ್ಕೇ ತರಬೇಡಿ, ದುಃಖ ಹಸಿಯಾಗಿರುವಾಗ ಕೊಟ್ಟದ್ದನ್ನು ವಾಪಸ್ ಕೇಳಲು ಆಗುವುದಿಲ್ಲ. ಹಾಗೇ ಎಲ್ಲವನ್ನೂ ಕೊಟ್ಟುಬಿಡಬೇಡಿ. ನೀವು ಹೊಲಿದ ಮೊದಲ ಕೌದಿ ನಿಮ್ಮಲ್ಲೇ ಇರಲಿ, ಹೊಲಿಗೆ ಎಷ್ಟು ಸೊಟ್ಟಗಿದ್ದರೂ ಸರಿ. ಇನ್ನೊಂದು ಒಳ್ಳೆಯದನ್ನು ನಿಮ್ಮ ಹಾಸಿಗೆ ಮೇಲೇ ಹಾಕಿ, ದಿನಾ ಹೊದೆಯಿರಿ. ಹೊಲಿದವರೇ ಹೊದೆಯದೆ ಇರುವುದು ಎಂಥಾ ಪದ್ಧತಿ?

ಕೊಡುವ ಮೊದಲು ಕೇಳಿ. ಇದನ್ನು ಎಷ್ಟು ಸಲ ಹೇಳಿದರೂ ಗುಂಪಿನಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅಚ್ಚರಿ ಮಾಡಬೇಕು ಅಂತ ದೊಡ್ಡ ಕೌದಿ ಹೊತ್ತುಕೊಂಡು ಹೋಗುತ್ತೀರಿ, ಅವರ ಮನೆಯಲ್ಲಿ ಇಡಲು ಜಾಗ ಇಲ್ಲ, ಬೇಡ ಅನ್ನಲು ಮುಜುಗರ. 'ಇದರ ಫೋಟೋ ನೋಡು, ನಿನಗೆ ಉಪಯೋಗ ಆಗುತ್ತದಾ? ಬೇಡ ಅಂದರೂ ಬೇಜಾರಿಲ್ಲ' ಅಂತ ಕೇಳಿದರೆ ಮುಗಿಯಿತು. ಮಂಚದ ಅಳತೆ ಕೇಳಿ. ಕೈಯಲ್ಲಿ ಒಗೆಯುತ್ತಾರಾ, ಮೆಷಿನ್‌ಗೆ ಹಾಕುತ್ತಾರಾ ಕೇಳಿ. ಮೆಷಿನ್ ಮನೆಗೆ ರೇಷ್ಮೆ, ಉಣ್ಣೆ ತುಂಡಿನದು ಹೋಗಬಾರದು.

ಕೊಟ್ಟ ಮೇಲೆ ಅದು ಅವರದು. ನಾಯಿ ಮಲಗಿಸಿಕೊಳ್ಳಲಿ, ಹುಲ್ಲಿನ ಮೇಲೆ ಹಾಸಲಿ. ಹೋದಾಗಲೆಲ್ಲ 'ಕೌದಿ ಎಲ್ಲಿ?' ಅಂತ ಹುಡುಕಬೇಡಿ. ಅದನ್ನು ನೋಡಲು ಆಗುವುದಿಲ್ಲ ಅನ್ನಿಸಿದರೆ ಆ ಕೌದಿಯನ್ನು ಕೊಡುವ ಕಾಲ ಇನ್ನೂ ಬಂದಿಲ್ಲ, ನಿಮ್ಮ ಹತ್ತಿರವೇ ಇರಲಿ. ಬಳಸಿ ಸವೆದ ಕೌದಿ ಹಾಳಾದ ಹಾಗಲ್ಲ.

ಈಗ ಲೇಬಲ್. ನಿಮ್ಮ ಫೋಟೋದಲ್ಲಿ ಒಂದರ ಹಿಂದೆಯೂ ಲೇಬಲ್ ಕಾಣಲಿಲ್ಲ. ಇಟ್ಟುಕೊಳ್ಳಲಿ, ಕೊಡಲಿ, ಇದು ಆಗದೆ ಒಂದು ಕೌದಿಯೂ ಕಪಾಟಿನಿಂದ ಆಚೆ ಹೋಗಬಾರದು. ಹೊಲಿದವರ ಹೆಸರು, ವರ್ಷ, ಊರು, ಯಾರಿಗಾಗಿ, ಯಾರ ಬಟ್ಟೆಯ ತುಂಡುಗಳು, ಒಳಗೆ ಯಾವ ಬ್ಯಾಟಿಂಗ್, ಹೇಗೆ ಒಗೆಯಬೇಕು, ಇಷ್ಟೂ ಇರಲಿ.

ಯಾಕೆ ಇಷ್ಟು ಹಟ ಅಂದರೆ, ಹ್ಯಾರಿಯೆಟ್ ಪವರ್ಸ್ ಕಥೆ ಕೇಳಿ. 1837ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಗುಲಾಮಳಾಗಿ ಹುಟ್ಟಿದವರು. ಬೈಬಲ್ ಕಥೆಗಳನ್ನು ಬಟ್ಟೆಯಲ್ಲಿ ಕತ್ತರಿಸಿ, ಕೂರಿಸಿ ಒಂದು ಕೌದಿ ಹೊಲಿದಿದ್ದರು. 1886ರಲ್ಲಿ ಜಾರ್ಜಿಯಾದಲ್ಲೇ ಇರುವ ಅಥೆನ್ಸ್ ಊರಿನ ಹತ್ತಿ ಮೇಳದಲ್ಲಿ ಅದನ್ನು ನೋಡಿದ ಜೆನ್ನಿ ಸ್ಮಿತ್ ಎಂಬ ಚಿತ್ರಕಲೆ ಶಿಕ್ಷಕಿ ಕೊಳ್ಳಲು ಕೇಳಿದರು. ಪವರ್ಸ್ ಕೊಡಲಿಲ್ಲ. ಕೆಲವು ವರ್ಷಗಳ ನಂತರ ಮನೆಯಲ್ಲಿ ಕಷ್ಟ ಬಂದಾಗ 10 ಡಾಲರ್ ಕೇಳಿ, ಕೊನೆಗೆ 5 ಡಾಲರ್‌ಗೆ ಅದನ್ನು ಅದೇ ಸ್ಮಿತ್‌ಗೆ ಮಾರಿದರು. ಮಾರಿದ ಮೇಲೂ ಅದನ್ನು ನೋಡಲು ಹೋಗುತ್ತಿದ್ದರು. ಕೊಡುವ ಮೊದಲು ಒಂದೊಂದು ಚೌಕದಲ್ಲಿ ಏನಿದೆ ಅಂತ ವಿವರಿಸಿದ್ದರು, ಸ್ಮಿತ್ ಅದನ್ನೆಲ್ಲ ಬರೆದಿಟ್ಟರು. ಆ ಕೌದಿ ಈಗ ವಾಷಿಂಗ್‌ಟನ್‌ನ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ. ಯಾವ ಚೌಕದ ಅರ್ಥ ಏನು ಅಂತ ಇವತ್ತು ನಮಗೆ ಪವರ್ಸ್ ಹೇಳಿದಂತೆಯೇ ಗೊತ್ತಿರುವುದು ಆ ಬರಹದಿಂದ. ಆ ಕಾಲದಲ್ಲಿ ಹೊಲಿದ ಎಷ್ಟೋ ಕೌದಿಗಳು ಉಳಿದಿವೆ, ಯಾರ ಕೈ ಅಂತ ಹೇಳುವವರಿಲ್ಲ. ನಿಮ್ಮ ಅತ್ತೆಯ ಸೀರೆ ಯಾವ ತುಂಡು, ಮಗನ ಶಾಲೆ ಅಂಗಿ ಯಾವ ತುಂಡು ಅಂತ ನಿಮ್ಮನ್ನು ಬಿಟ್ಟರೆ ಯಾರಿಗೆ ಗೊತ್ತಿದೆ, ಹೇಳಿ?

ಲೇಬಲ್ ಬರೆಯಲು ಬಟ್ಟೆಗೆ ಗುರುತು ಹಾಕುವ ಪೆನ್ ತೆಗೆದುಕೊಳ್ಳಬೇಡಿ. ಫ್ರಿಕ್ಷನ್ ಪೆನ್ ಗುರುತಿಗೆ ಸರಿ, ಆದರೆ ಅದರ ಶಾಯಿ ಸುಮಾರು 60 ಡಿಗ್ರಿ ಶಾಖಕ್ಕೆ ಕಾಣದಂತಾಗುತ್ತದೆ, ತುಂಬಾ ಚಳಿಯಲ್ಲಿ ಮತ್ತೆ ಕಾಣಿಸುತ್ತದೆ. ಇಸ್ತ್ರಿ ತಗುಲಿದರೆ ಹೆಸರೇ ಹೋಯಿತು. ಸಕುರಾ ಕಂಪನಿಯ ಪಿಗ್ಮಾ ಮೈಕ್ರಾನ್ ನನಗೆ ಇಷ್ಟ, ಅದರದು ಪಿಗ್ಮೆಂಟ್ ಶಾಯಿ. ಬರೆದು, ಒಣಗಿಸಿ, ಮೇಲೊಂದು ಬಟ್ಟೆ ಇಟ್ಟು ಇಸ್ತ್ರಿ ಮಾಡಿ. ಇನ್ನೂ ಗಟ್ಟಿ ಬೇಕಾದರೆ ಕಸೂತಿ ಮಾಡಿ. ಲೇಬಲ್‌ನ ಎರಡು ಬದಿ ಬೈಂಡಿಂಗ್ (ಕೌದಿಯ ಅಂಚಿಗೆ ಸುತ್ತ ಹೊಲಿಯುವ ಪಟ್ಟಿ) ಒಳಗೆ ಸೇರಿಸಿ ಹೊಲಿದರೆ ಸುಲಭಕ್ಕೆ ಕಿತ್ತುಬರುವುದಿಲ್ಲ. ಅಂಟಿಸುವ ಲೇಬಲ್ ಬೇಡವೇ ಬೇಡ.

ಕೊಡುವ ಮೊದಲು ಒಮ್ಮೆ ಒಗೆಯಿರಿ, ಗಟ್ಟಿ ಇರುವ ಹತ್ತಿಯದಾದರೆ ಮಾತ್ರ. ಕೆಂಪು, ಕಡುನೀಲಿ ಇದ್ದರೆ ಒದ್ದೆ ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತದಾ ನೋಡಿ. ಬಿಟ್ಟರೆ ಒಗೆಯುವ ನೀರಿಗೆ ಕಲರ್ ಕ್ಯಾಚರ್ ಹಾಳೆ (ಬಿಟ್ಟ ಬಣ್ಣ ಹೀರಿಕೊಳ್ಳುವ ಹಾಳೆ) ಹಾಕಿ, ಬಣ್ಣ ಬರುವುದು ನಿಲ್ಲುವವರೆಗೆ ಒದ್ದೆ ಕೌದಿಯನ್ನು ಒಣಗಲು ಬಿಡಬೇಡಿ. ಒಗೆಯದ ಹತ್ತಿ ಬ್ಯಾಟಿಂಗ್ ಮೊದಲ ಸಲ ಶೇಕಡಾ 3ರಿಂದ 5ರಷ್ಟು ಕುಗ್ಗುತ್ತದೆ. ನೀವು ಒಗೆಯದೆ ಕೊಟ್ಟರೆ ಅವರು ಒಗೆದು ಸುಕ್ಕು ನೋಡಿ ಗಾಬರಿಯಾಗುತ್ತಾರೆ. ಒದ್ದೆ ಕೌದಿಯನ್ನು ಹಗ್ಗದ ಮೇಲೆ ಒಂದು ಅಂಚಿನಿಂದ ನೇತುಹಾಕಬೇಡಿ, ನೀರಿನ ಭಾರಕ್ಕೆ ಹೊಲಿಗೆ ಕಿತ್ತುಬರುತ್ತದೆ. ಹಾಸಿ ಒಣಗಿಸಿ. ಗಂಜಿ ಹಾಕಿ ಎತ್ತಿಡಬೇಡಿ, ಬೆಳ್ಳಿಹುಳುಗಳಿಗೆ ಗಂಜಿ ಅಂದರೆ ಊಟ.

ಉಣ್ಣೆ ಬ್ಯಾಟಿಂಗ್‌ಗೆ ನುಸಿ ಬರುತ್ತದೆ. ಪೂರ್ತಿ ಹತ್ತಿಯದಕ್ಕೆ ಆ ಭಯ ಕಡಿಮೆ. ನುಸಿ ಬಂದ ಅನುಮಾನ ಇದ್ದರೆ ಇಲ್ಲಿ ಮಾತ್ರ ಪ್ಲಾಸ್ಟಿಕ್ ಬೇಕು. ಗಾಳಿಯಾಡದಂತೆ ಕಟ್ಟಿ ಮೈನಸ್ 18 ಡಿಗ್ರಿ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದು, ಪೂರ್ತಿ ಮನೆಯ ಶಾಖಕ್ಕೆ ಬಂದ ಮೇಲೆ ಕವರ್ ಬಿಚ್ಚಿ. ಫ್ರಿಕ್ಷನ್ ಪೆನ್ನಿನ ಗುರುತು ಇದ್ದ ಕೌದಿಯಾದರೆ ಆ ಗೆರೆಗಳು ಫ್ರೀಜರ್‌ನಲ್ಲಿ ಮತ್ತೆ ಎದ್ದು ಬರಬಹುದು, ಗಾಬರಿ ಬೇಡ. ಇಸ್ತ್ರಿಗೆ ಮತ್ತೆ ಮರೆಯಾಗುತ್ತವೆ.

ಮೊಮ್ಮಗುವಿಗೆ ಒಂದು ಅಂತ ಬರೆದಿದ್ದೀರಲ್ಲ, ಖಂಡಿತ ಕೊಡಿ. ಆದರೆ ಒಂದು ವರ್ಷ ತುಂಬುವವರೆಗೆ ಮಲಗುವ ತೊಟ್ಟಿಲಲ್ಲಿ ಹೊದಿಕೆ, ಕೌದಿ ಯಾವುದೂ ಬೇಡ ಅಂತ ಮಕ್ಕಳ ವೈದ್ಯರು ಹೇಳುತ್ತಾರೆ, ಉಸಿರಿಗೆ ಅಪಾಯ. ಎಚ್ಚರ ಇರುವಾಗ, ದೊಡ್ಡವರು ಪಕ್ಕದಲ್ಲಿರುವಾಗ ನೆಲದ ಮೇಲೆ ಹಾಸಿ ಆಡಿಸಲಿ. ಗುಂಡಿ, ಮಣಿ ಹಚ್ಚಿದ್ದರೆ ಮೊದಲೇ ಬಿಚ್ಚಿ.

ಯಾರ ಹೆಸರೂ ಬರದವನ್ನು ಆಸ್ಪತ್ರೆ, ಆಶ್ರಮಗಳಿಗೆ ಕೊಡುವುದಾದರೆ ಫೋನ್ ಮಾಡಿ ಕೇಳಿಯೇ ಹೋಗಿ. ಯಾವ ಅಳತೆ ಬೇಕು, ಬಿಸಿನೀರಿನ ಒಗೆತ ತಡೆಯಬೇಕಾ ಅಂತ ಅವರದೇ ನಿಯಮ ಇರುತ್ತದೆ. ಹರಿದದ್ದು, ವಾಸನೆ ಬರುವುದು ಯಾವುದನ್ನೂ ದಾನ ಅಂತ ದಾಟಿಸಬೇಡಿ. ಅರ್ಧ ಹೊಲಿದ ಟಾಪ್‌ಗಳನ್ನು (ಕೌದಿಯ ಮೇಲಿನ ಪದರ) ಹೊಸಬರ ತಲೆಗೆ ಕಟ್ಟುವುದೂ ಬೇಡ. ಮುಗಿಸುವ ಕೈ ಇರುವವರಿಗೆ ಕೊಡಿ, ಬ್ಯಾಕಿಂಗ್ (ಹಿಂಬದಿಯ) ಬಟ್ಟೆಯ ಜೊತೆಗೇ ಕೊಡಿ. ಮಾರುವುದಾದರೆ ಮಾರಿ, ಅದರಲ್ಲಿ ತಪ್ಪೇನಿಲ್ಲ, ಆದರೆ ಹೊಲಿದ ಗಂಟೆಗಳ ಬೆಲೆ ಬರುತ್ತದೆ ಅಂತ ಕಾಯಬೇಡಿ.

ಆ ಕಂದು ತುಂಡಿನ ಕೌದಿಯ ಹಿಂಬದಿಯ ಫೋಟೋ ಹಗಲ ಬೆಳಕಲ್ಲಿ ತೆಗೆದು ಇಲ್ಲಿ ಹಾಕಿ. ತುಂಡುಗಳ ಮೇಲೆ ಬಲೆಬಟ್ಟೆ ಕೂರಿಸಿ ಹಿಡಿಯಬಹುದಾ ಅಂತ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ನೀರು ಮುಟ್ಟಿಸಬೇಡಿ.