ಅದೃಷ್ಟದ ರಾತ್ರಿ ದೋಣಿ ಮುಳುಗಿದರೆ

ಶಿವಮೊಗ್ಗದ ಓದುಗರೊಬ್ಬರ ಪತ್ರ: ‘ಹೋದ ಸಂಚಿಕೆಯ ಅನುವಾದ ಕಥೆಯಲ್ಲಿ “ಆ ಅದೃಷ್ಟದ ರಾತ್ರಿ ದೋಣಿ ಮುಳುಗಿತು” ಅಂತಿದೆ. ಇದು ಯಾವ ಸೀಮೆ ಅದೃಷ್ಟ ಸ್ವಾಮಿ? ಮೂಲದಲ್ಲಿ “ಫೇಟ್‌ಫುಲ್” ಇದ್ದಿರಬೇಕು. ಹಾಗೇ ಹೇಳಿ, ಫೇಟ್, ಡೆಸ್ಟಿನಿ ಎರಡೂ ಒಂದೇನಾ?’

ಸಂಪಾದಕರ ಉತ್ತರ:

ನಿಮ್ಮ ಊಹೆ ಸರಿ. ಇದ್ದದ್ದು ‘ಫೇಟ್‌ಫುಲ್ ನೈಟ್’. ಕರಡು ತಿದ್ದುವಾಗ ನನ್ನ ಕಣ್ಣನ್ನೂ ತಪ್ಪಿಸಿಕೊಂಡಿತು. ಕ್ಷಮಿಸಿ.

ಅದೃಷ್ಟ ಅಂದರೆ ಕಾಣದ್ದು, ಅಷ್ಟೇ. ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ಆದರೆ ನಮ್ಮ ಮಾತಿನಲ್ಲಿ ಆ ಪದ ಯಾವತ್ತೋ ಲಾಟರಿ ಹೊಡೆದವನ ಪಾಲಾಗಿದೆ. ಫೇಟ್‌ಫುಲ್ ಅಂದರೆ ಮುಂದಿನದನ್ನೆಲ್ಲ ಬದಲಿಸಿಬಿಟ್ಟ ಗಳಿಗೆ, ಜಾಸ್ತಿ ಸಲ ಕೆಟ್ಟದ್ದಕ್ಕೇ.

ಫೇಟ್ ಬಂದದ್ದು ಲ್ಯಾಟಿನ್ನಿನ ‘ಫಾತುಮ್’ನಿಂದ. ‘ಹೇಳಿದ್ದು’ ಅಂತ ಅರ್ಥ. ದೇವರು ನುಡಿದಾಯಿತು, ಇನ್ನು ತಪ್ಪುವುದಿಲ್ಲ. ಮಾತು ಬಾರದ ಕೂಸಿಗೆ ‘ಇನ್‌ಫೆಂಟ್’ ಅನ್ನುವುದೂ ಇದೇ ಬೇರಿನಿಂದ. ಅವರದು ಬಾಯಿಮಾತು, ನಮ್ಮದು ಬ್ರಹ್ಮನ ಬರವಣಿಗೆ. ಹಾಗಾಗಿ ‘ಹಣೆಬರಹ’ ಹತ್ತಿರದ ನೆಂಟ. ಆದರೆ ಹಣೆಬರಹದಲ್ಲಿ ಒಂದು ಗೊಣಗಾಟ ಇದೆ. ಬಸ್ಸು ತಪ್ಪಿದರೂ ‘ಎಲ್ಲಾ ನನ್ನ ಹಣೆಬರಹ’ ಅಂತೀವಿ. ಇಂಗ್ಲಿಷಿನ ಫೇಟ್ ಅಷ್ಟು ಸಣ್ಣದಕ್ಕೆಲ್ಲ ಸುಮ್ನೆ ಬರುವುದಿಲ್ಲ.

ಪತ್ರಿಕೆಗಳ ಭಾಷೆಯೇ ಬೇರೆ. ಕಡಲಿಗೆ ಹೋದ ಮೀನುಗಾರರು ವಾಪಸ್ ಬಂದಿಲ್ಲ, ಅವರ ‘ಫೇಟ್’ ತಿಳಿದಿಲ್ಲ ಅಂತ ಇಂಗ್ಲಿಷ್ ಪತ್ರಿಕೆ ಬರೆಯುತ್ತದೆ. ಇಲ್ಲಿ ವಿಧಿಯೂ ಇಲ್ಲ, ಬ್ರಹ್ಮನೂ ಇಲ್ಲ. ‘ಅವರ ಗತಿ ಏನಾಯಿತೋ’ ಅಂದರೆ ಮುಗಿಯಿತು. ಮತದಾನದ ಮರುದಿನದ ಪತ್ರಿಕೆಯಲ್ಲಿ ಅಭ್ಯರ್ಥಿಗಳ ಫೇಟ್ ಮತಯಂತ್ರ ಸೇರಿರುತ್ತದೆ. ಅದನ್ನು ನಮ್ಮವರು ‘ಭವಿಷ್ಯ ಭದ್ರ’ ಅಂತ ಮಾಡಿಕೊಂಡಿದ್ದಾರೆ. ಸವೆದ ತಲೆಬರಹ, ಆದರೂ ಒಳ್ಳೆಯ ಕನ್ನಡ. ಇನ್ನು ‘ಫೇಟಲ್ ಆಕ್ಸಿಡೆಂಟ್’ನಲ್ಲಿ ಉಳಿದಿರುವುದು ಸಾವು ಮಾತ್ರ.

ಡೆಸ್ಟಿನಿ ‘ಡೆಸ್ಟಿನೇಷನ್’ನ ಒಡಹುಟ್ಟು. ಅದರ ನೋಟ ತಲುಪುವ ಕಡೆಗೆ. 1947ರ ಆಗಸ್ಟ್ 14ರ ರಾತ್ರಿ ನೆಹರೂ ಸಂವಿಧಾನ ಸಭೆಯಲ್ಲಿ ‘ಟ್ರಿಸ್ಟ್ ವಿತ್ ಡೆಸ್ಟಿನಿ’ ಅಂದರು. ಟ್ರಿಸ್ಟ್ ಅಂದರೆ ಇಂಥ ಹೊತ್ತಿಗೆ ಇಂಥಲ್ಲಿ ಸಿಗೋಣ ಅಂತ ಪ್ರೇಮಿಗಳು ಗೊತ್ತುಮಾಡಿಕೊಳ್ಳುವ ಭೇಟಿ. ಅಲ್ಲಿ ಫೇಟ್ ಇಟ್ಟು ನೋಡಿ, ಹಬ್ಬದ ಮನೆಗೆ ಸೂತಕ ಬಂದ ಹಾಗಾಗುತ್ತದೆ. ಕನ್ನಡದಲ್ಲಿ ‘ವಿಧಿಯೊಡನೆ ಭೇಟಿ’ ಅಂದರೂ ಅದೇ ಕಥೆ, ಅಲ್ವಾ? ಹಾಗಾಗಿ ಎರಡೂ ಒಂದೇ ಅಲ್ಲ. ಫೇಟ್ ನಮ್ಮ ಮೇಲೆ ಬಂದು ಬೀಳುತ್ತದೆ. ಡೆಸ್ಟಿನಿಯ ಕಡೆಗೆ ನಾವು ನಡೆದು ಹೋಗುತ್ತೇವೆ.

ಆ ಸಾಲನ್ನು ‘ಎಲ್ಲವನ್ನೂ ಬದಲಿಸಿದ ಆ ರಾತ್ರಿ’ ಅಂತ ತಿದ್ದಿ ಓದಿಕೊಳ್ಳಿ. ‘ಕರಾಳ ರಾತ್ರಿ’ಯೂ ಹೊಳೆದಿತ್ತು. ಆದರೆ ದೋಣಿ ಮುಳುಗುವ ಮೊದಲೇ ಗುಟ್ಟು ಬಿಟ್ಟುಕೊಟ್ಟ ಹಾಗಾಗುತ್ತದೆ ಅಂತ ಬೇಡವೆಂದೆ. ನಿಮ್ಮ ಪತ್ರವನ್ನು ಅನುವಾದಕರಿಗೂ ಓದಿ ಹೇಳಿದೆ. ‘ನನ್ನ ಗ್ರಹಚಾರ’ ಅಂದರು. ಈ ಸಲ ಸರಿಯಾದ ಪದವನ್ನೇ ಹಾಕಿದ್ದಾರೆ.