ಬ್ರಿಸ್ಟಲ್‌ನಲ್ಲಿ 1880ರ ಕಾಲದ ಮನೆ ಕೊಳ್ಳಬಹುದಾ? ತೇವ, ರೂಲ್ಸು ಅಂತ ತಲೆನೋವು ಯಾಕೆ, ಹೊಸ ಮನೆಯೇ ವಾಸಿ ಅಲ್ವಾ?

ನೀವು ಮನೆ ನೋಡಿರುವ ರೆಡ್‌ಲ್ಯಾಂಡ್ ಬಡಾವಣೆಯಲ್ಲೇ ನಾನಿರುವುದು. ಮನೆಯೂ ಹೆಚ್ಚುಕಮ್ಮಿ ಅಂಥದ್ದೇ. ಸಾಲುಮನೆ, ಮುಂದೆ ಹೊರಕ್ಕೆ ಚಾಚಿದ ಬೇ ಕಿಟಕಿ, ಗೋಡೆಗೆ ಬೂದು ಕಲ್ಲು, ಕಿಟಕಿ ಬಾಗಿಲ ಸುತ್ತ ಜೇನುಬಣ್ಣದ ಕಲ್ಲು. 2014ರಲ್ಲಿ ಕೊಂಡೆ. ಕೊಳ್ಳುವ ಮುಂಚೆ ಸಿಕ್ಕಸಿಕ್ಕವರನ್ನೆಲ್ಲ ನಾನೂ ಇದೇ ಪ್ರಶ್ನೆ ಕೇಳಿದ್ದೆ. "ಹಳೆ ಮನೆ, ತೇವ ಹಿಡಿಯುತ್ತೆ ನೋಡು" ಅಂದರು. ತೇವ ಹಿಡಿದದ್ದು ನಿಜ. ಆದರೆ ಮನೆ ಹಳೆಯದು ಅಂತ ಹಿಡಿಯಲಿಲ್ಲ, ನಾನು ರಿಪೇರಿ ಮಾಡಿಸಿದೆ ಅಂತ ಹಿಡಿಯಿತು.

ಆಗಿದ್ದು ಇಷ್ಟು. ಮರುವರ್ಷ ಗೋಡೆ ಸವರಿದರೆ ಕಲ್ಲುಗಳ ಸಂದಿನಿಂದ ಕಪ್ಪು ಕಪ್ಪು ಪುಡಿ ಉದುರುತ್ತಿತ್ತು. ನನಗೆ ಗಾಬರಿ. ಒಬ್ಬ ಕಂಟ್ರಾಕ್ಟರ್ ಬಂದ, ಬೆರಳಲ್ಲಿ ಕೆರೆದು ತಲೆ ಆಡಿಸಿದ. ಹಳೆಯದನ್ನೆಲ್ಲ ಕಿತ್ತು ಗಟ್ಟಿ ಸಿಮೆಂಟು ತುಂಬುತ್ತೇನೆ, ಇನ್ನು ಒಂದು ಹನಿ ನೀರು ಒಳಗೆ ಬರಲ್ಲ ಅಂದ. ನಾನೂ ಸಿಮೆಂಟು ಮನೆಯಲ್ಲೇ ಬೆಳೆದವನು. ಗಟ್ಟಿ ಇದ್ದಷ್ಟೂ ಒಳ್ಳೆಯದು ಅಂತ ತಾನೇ ಅಂದುಕೊಳ್ಳುವುದು? 3,800 ಪೌಂಡ್ ಕೊಟ್ಟೆ.

ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಕಾಲದ ಗೋಡೆಗೆ ಈಗಿನ ಮನೆಗಳ ಹಾಗೆ ನಡುವೆ ಟೊಳ್ಳು ಇರುವುದಿಲ್ಲ. ಒಂದೂವರೆ ಅಡಿ ದಪ್ಪ, ಇಡೀ ಕಲ್ಲು. ನೀರೇ ಬರದಂಥ ಗೋಡೆ ಕಟ್ಟುವುದು ಕಟ್ಟಿದವರ ಲೆಕ್ಕದಲ್ಲೇ ಇರಲಿಲ್ಲ. ಮಳೆ ಬಂದಾಗ ಚೂರು ನೀರು ಒಳಗೆ ಹೋಗುತ್ತೆ. ಬಿಸಿಲು, ಗಾಳಿ ಬಂದಾಗ ಹಾಗೇ ವಾಪಸ್ ಹೊರಗೆ ಹೋಗುತ್ತೆ. ಹೋಗುವ ದಾರಿ ಯಾವುದು? ಸಂದಿನಲ್ಲಿರುವ ಸುಣ್ಣದ ಗಾರೆ. ಅದು ಮೆತ್ತಗಿರುವುದೇ ಅದಕ್ಕೆ. ಕಲ್ಲಿನ ಬದಲು ತಾನು ಸವೆಯಲಿ ಅಂತ ಹಾಕಿರುವುದು. ಪುಡಿಯಾದರೆ ನೂರು ವರ್ಷಕ್ಕೊಮ್ಮೆ ಮತ್ತೆ ಸುಣ್ಣವನ್ನೇ ತುಂಬಬೇಕು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಆಗಿದ್ದು 1824ರಲ್ಲಿ. ನಮ್ಮ ಬೀದಿ ಎದ್ದದ್ದು ಅದಾಗಿ ಅರವತ್ತು ವರ್ಷಕ್ಕೆ. ಆದರೂ ಮೇಸ್ತ್ರಿಗಳು ಸಂದಿಗೆ ಹಾಕಿದ್ದು ಸುಣ್ಣ ಮತ್ತು ಬೂದಿ. ಆ ಕಪ್ಪು ಪುಡಿ ಅದೇ.

ನಾನು ಆ ದಾರಿಗೇ ಬೆಣೆ ಹೊಡೆದೆ. ಸಿಮೆಂಟು ಗಟ್ಟಿಯಾಗಿ ಕೂತಿತು, ಆದರೆ ಕಲ್ಲಿಗೂ ಅದಕ್ಕೂ ನಡುವೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ನೀರು ಬರುವುದು ನಿಲ್ಲಲಿಲ್ಲ, ಹೋಗುವುದು ಮಾತ್ರ ನಿಂತಿತು. ಬೂದು ಕಲ್ಲು ಪೆನಂಟ್ ಅನ್ನುವ ಮರಳುಗಲ್ಲು, ಭಾರೀ ಗಟ್ಟಿ. ಜೇನುಬಣ್ಣದ್ದು ಬಾತ್ ಊರಿನ ಕಡೆಯ ಕಲ್ಲು, ಸುಣ್ಣದ ಜಾತಿ, ಮೃದು. ನೀರೆಲ್ಲ ಪಾಪ ಅದರ ಪಾಲಿಗೆ ಬಂತು. ಎರಡನೇ ಚಳಿಗಾಲ ಕಳೆಯುವಷ್ಟರಲ್ಲಿ ಬೇ ಕಿಟಕಿಯ ಕಂಬದ ಮೇಲೆ ಕೆತ್ತಿದ್ದ ಎಲೆಗಳು ಹಪ್ಪಳದ ಹಾಗೆ ಪದರ ಪದರವಾಗಿ ಎದ್ದವು. ಮುಟ್ಟಿದರೆ ಕೈಗೇ ಬಂತು. ಒಳಗೆ ಗೋಡೆಯ ಮೇಲೆ ಬಿಳೀ ಉಪ್ಪು. ಮಗನ ರೂಮಿನಲ್ಲಿ ಮುಗ್ಗಲು ವಾಸನೆ.

ಆಮೇಲೆ ತೇವ ಅಳೆಯುವ ಮೀಟರ್ ಹಿಡಿದುಕೊಂಡು ಇನ್ನೊಬ್ಬ ಬಂದ. ಅದು ಕುಂಯ್ ಅಂತು. ಗೋಡೆಗೆ ತೂತು ಕೊರೆದು ಕೆಮಿಕಲ್ ಹಾಕಬೇಕು ಅಂದ. ಆ ಮೀಟರ್ ಇರುವುದು ಮರ ನೋಡಲಿಕ್ಕೆ, ಉಪ್ಪು ಹಿಡಿದ ಗೋಡೆಗೆ ಇಟ್ಟರೆ ಸುಮ್ನೆ ಕೂಗುತ್ತೆ ಅಂತ ಆಮೇಲೆ ಗೊತ್ತಾಯಿತು. ಪುಣ್ಯಕ್ಕೆ ಅವನಿಗೆ ದುಡ್ಡು ಕೊಟ್ಟಿರಲಿಲ್ಲ.

ಕೊನೆಗೆ ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯೊಬ್ಬರು ಸಿಕ್ಕರು. ಚಳಿಯಲ್ಲಿ ಸುಣ್ಣ ಹಿಡಿಯಲ್ಲ, ಬೇಸಿಗೆಗೆ ಬರುತ್ತೇನೆ ಅಂದರು. ಜೂನ್‌ನಲ್ಲಿ ಬಂದು ಉಳಿ ಸುತ್ತಿಗೆಯಲ್ಲೇ ಸಿಮೆಂಟು ಬಿಡಿಸಿದರು, ಕಲ್ಲು ಕೊಯ್ಯುವ ಗ್ರೈಂಡರ್ ಮಿಷಿನ್ ಮುಟ್ಟಲೇ ಇಲ್ಲ. ತಿಪಟೂರಿಂದ ಅಮ್ಮ ಬಂದಿದ್ದರು ಆಗ. ಬಕೆಟ್ಟಿಂದ ಒಂದು ಚಿಟಿಕೆ ತೆಗೆದು ಬೆರಳಲ್ಲಿ ತೀಡಿ ನೋಡಿದರು. "ಇದು ಗಾರೆ ಅಲ್ವೇನೋ! ನಮ್ಮಪ್ಪನ ಮನೆ ಪೂರ್ತಿ ಇದೇ. ಚಿಕ್ಕವರಿದ್ದಾಗ ಗೋಡೆ ಕೆರೆದು ತಿಂತಿದ್ವಿ. ಇದಕ್ಕೆ ಎಷ್ಟು ಕೊಟ್ಟೆ?" ಹನ್ನೊಂದು ಸಾವಿರ ಪೌಂಡ್ ಅಂತ ಹೇಳುವ ಧೈರ್ಯ ಬರಲಿಲ್ಲ. ಸ್ವಲ್ಪ ಆಯ್ತಮ್ಮ ಅಂದೆ.

ಇನ್ನು ರೂಲ್ಸು. ಕನ್ಸರ್ವೇಶನ್ ಏರಿಯಾ (ಹಳೆಯ ರೂಪ ಉಳಿಸಲೆಂದು ಗುರುತಿಸಿದ ಬಡಾವಣೆ) ಅಂದರೆ ಮೊಳೆ ಹೊಡೆಯೋಕೂ ಕೌನ್ಸಿಲ್ ಕೇಳಬೇಕು ಅಂತ ನೀವು ಹೆದರಿದ್ದೀರಿ. ನನ್ನ ಮನೆ ಲಿಸ್ಟೆಡ್ ಅಲ್ಲ, ಅಂದರೆ ಕಾನೂನಿನ ರಕ್ಷಣೆಯಿರುವ ಕಟ್ಟಡಗಳ ಪಟ್ಟಿಯಲ್ಲಿಲ್ಲ. ಹಾಗಾಗಿ ಇಡೀ ಗೋಡೆಯ ಸಂದುಗಳಿಗೆ ಸಿಮೆಂಟು ತುಂಬಿಸುವಾಗ ನನ್ನನ್ನು ತಡೆಯಲು ಒಂದೇ ಒಂದು ರೂಲೂ ಇರಲಿಲ್ಲ. ಇದ್ದಿದ್ದರೆ ಕಂಬದ ಎಲೆಗಳು ಉಳಿಯುತ್ತಿದ್ದವು. ಕ್ಲಿಫ್ಟನ್‌ನ ರಾಯಲ್ ಯಾರ್ಕ್ ಕ್ರೆಸೆಂಟ್‌ನಂಥ ಲಿಸ್ಟೆಡ್ ಸಾಲುಮನೆಯ ಕಥೆ ಬೇರೆ, ಅಲ್ಲಿ ಒಪ್ಪಿಗೆಯಿಲ್ಲದೆ ಬದಲಾಯಿಸಿದರೆ ಕ್ರಿಮಿನಲ್ ಕೇಸು. ಆದರೂ ನಾನು ರೂಲ್ಸಿನ ಪರವೇ. ಬಿಡುವಿದ್ದಾಗ ಬ್ರಿಸ್ಟಲ್‌ನದೇ ಟಾಟರ್‌ಡೌನ್ ಬಡಾವಣೆಗೆ ಹೋಗಿಬನ್ನಿ. ಗುಡ್ಡದ ಮೇಲಿನ ಬಣ್ಣಬಣ್ಣದ ಮನೆಗಳ ಫೋಟೊ ಎಲ್ಲರೂ ತೆಗೆಯುತ್ತಾರೆ. ಆದರೆ ಸುಮಾರು 1970ರ ಹೊತ್ತಿಗೆ ಅಲ್ಲಿ ನೂರಾರು ಮನೆ, ಅಂಗಡಿ ಕೆಡವಿದರು, ದೊಡ್ಡ ರಿಂಗ್ ರಸ್ತೆಗೆ ಅಂತ. ಆ ರಸ್ತೆ ಬರಲೇ ಇಲ್ಲ.

ಕಿಟಕಿಗೆ ಪ್ಲಾಸ್ಟಿಕ್ ಹಾಕಿಸಬಹುದಾ ಅಂತಲೂ ಕೇಳಿದ್ದೀರಿ. ಬೇಡ. ಮೇಲೆ ಕೆಳಗೆ ಜಾರುವ ಆ ಮರದ ಸ್ಯಾಶ್ ಕಿಟಕಿಗಳಲ್ಲಿ ಹಗ್ಗ ತುಂಡಾದರೆ ಹಗ್ಗ, ಕೆಳಗಿನ ಪಟ್ಟಿ ಕೊಳೆತರೆ ಆ ಪಟ್ಟಿ ಮಾತ್ರ ಬದಲಾಯಿಸಬಹುದು. ಗಾಳಿ ಬಂದರೆ ಅಂಚಿಗೆ ಬ್ರಷ್ ಪಟ್ಟಿ ಹಾಕಿಸಿ, ದಪ್ಪ ಪರದೆ ಬಿಡಿ. ನಮ್ಮ ಸಾಲಿನಲ್ಲಿ ಒಂದೇ ಮನೆಗೆ ಪ್ಲಾಸ್ಟಿಕ್ ಕಿಟಕಿ ಇದೆ, ಮುಂದಿನ ಹಲ್ಲಿಗೆ ಕ್ಯಾಪ್ ಹಾಕಿಸಿದ ಹಾಗೆ ಕಾಣುತ್ತೆ.

ಹೊಸ ಮನೆ ಬಗ್ಗೆ ನಾನು ಹೇಳುವಂಥದ್ದು ಏನೂ ಇಲ್ಲ, ಅಂಥದ್ದರಲ್ಲಿ ಇದ್ದವನಲ್ಲ. ನೀವು ನೋಡಿರುವ ಮನೆಯನ್ನು ಮಾತ್ರ ಇನ್ನೊಮ್ಮೆ ನೋಡಿ. ಲೆವೆಲ್ 3 ಸರ್ವೆ, ಅಂದರೆ ಮನೆಯ ಪೂರ್ತಿ ತಪಾಸಣೆ ಮಾಡಿಸಿ, ಅದೂ ಹಳೆ ಕಟ್ಟಡ ಗೊತ್ತಿರುವವರಿಂದ. ಆದರೆ ಅದಕ್ಕೂ ಮುಂಚೆ, ಹೋಗುವಾಗ ಜೇಬಿನಲ್ಲಿ ಒಂದು ಬೀಗದ ಕೈ ಇರಲಿ. ಆ ಮನೆಯ ಹೊರಗೋಡೆಯ ಸಂದಿನಲ್ಲಿ ಮೆಲ್ಲಗೆ ಕೆರೆಯಿರಿ. ಪುಡಿ ಉದುರಿದರೆ ನಿಮ್ಮ ಅದೃಷ್ಟ. ಕಿರ್ ಅಂತ ಜಾರಿದರೆ ಬೆಲೆಯಲ್ಲಿ ಹತ್ತು ಹನ್ನೆರಡು ಸಾವಿರ ಇಳಿಸಲು ಕೇಳಿ. ಎಸ್ಟೇಟ್ ಏಜೆಂಟ್ ಆ ಕಡೆ ತಿರುಗಿದಾಗ ಕೆರೆಯಿರಿ, ಅಷ್ಟೇ.